ಎಂಬತ್ತರ ಮೇಲಿನ ಮುಳ್ಳು

ಕಬೂಲ್ ಅಂದ ಮುಂದಿನವ, ಅವನ ಹಿಂದಿನವನೂ ಕಬೂಲ್, ಎಲ್ಲರೂ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಹೊರಗೆ ಚಹಾ ಕುಡಿಯುತ್ತಿದ್ದಾರೆ, ಮುಂಬಯಿ ಪಕ್ಕದ ಠಾಣೆ ಊರಿನ ಕೋರ್ಟಿನ ಈ ಬೆಂಚಿಗೆ ಬೆಳಗಿನಿಂದ ಅಂಟಿಕೊಂಡವರು ನಾವು ಗಂಡಹೆಂಡತಿ ಇಬ್ಬರೇ, ಯಾಕೆಂದರೆ ಇವರದು ಹಟ — ನಾ ಗಾಡಿ ಜೋರ ಹೊಡದೇ ಇಲ್ಲ, ಯಾಕ ಕಬೂಲ್ ಅನ್ನಲಿ? ಅದೇನೋ ಖರೆ. ಇವರು ಹೊಡೆದೇ ಇರಲಿಲ್ಲ, ಹೊಡೆದವಳು ನಾನು, ನಮ್ಮಿಬ್ಬರನ್ನು ಬಿಟ್ಟರೆ ಅದು ವ್ಯಾನಿನ ಹಿಂದಿದ್ದ ಖಾಲಿ ರೊಟ್ಟಿ ಡಬ್ಬಿಗಳಿಗೆ ಮಾತ್ರ ಗೊತ್ತು. ಅವತ್ತು ಇವರಿಗೆ ಜ್ವರ, ಮುಲುಂಡಿನ ಅಂಗಡಿಗಳಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಹಾಕಿ ಠಾಕುರ್ಲಿಗೆ ಮರಳುವಾಗ ಕಣ್ಣು ಕತ್ತಲೆ ಬಂದು ಕೀಲಿ ಕೊಟ್ಟರು, ಇಲ್ಲದಿದ್ದರೆ ಎಲ್ಲಿ ಕೊಡುತ್ತಿದ್ದರು, ನಾನು ಲೈಸೆನ್ಸ್ ಮಾಡಿಸಿ ಎರಡು ವರ್ಷವಾಯಿತು, ವಹಿನಿ ತುಮ್ಚಾ ಹಾತ್ ಛಾನ್ ಆಹೇ ಅಂದಿದ್ದರು ಡೊಂಬಿವಲಿಯಲ್ಲಿ ಕಲಿಸಿದ ಮಾಸ್ತರರು, ಆ ಛಾನ್ ಹಾತ್, ಆ ಚೆಂದದ ಕೈ, ಅಂದಿನಿಂದ ಹಿಟ್ಟು ನಾದುತ್ತಲೇ ಇದೆ, ಕೀಲಿ ಕೇಳಿದರೆ ಟ್ರಾಫಿಕ್ ಭಾಳ ಅದ, ನಾಳೆ ನೋಡೂಣು, ಅನ್ನುತ್ತಾರೆ ಇವರು. ಮಾಜಿವಾಡಾ ಸರ್ಕಲ್ಲು ಇನ್ನೂ ದೂರವಿತ್ತು, ಮಧ್ಯಾಹ್ನದ ಹೈವೇ ಬಿಕೋ ಅನ್ನುತ್ತಿತ್ತು, ಕಾಲು ತಾನೇ ಒತ್ತಿತು, ಅರವತ್ತು, ಎಪ್ಪತ್ತು, ಆಮೇಲೆ ಸ್ಪೀಡ್ ಮೀಟರಿನ ಕೆಂಪು ಮುಳ್ಳು ಎಂಬತ್ತಕ್ಕೆ ಹೋಗಿ ಅಲ್ಲೇ ನಡುಗುತ್ತ ನಿಂತಿತು, ಸಾವಕಾಶ ಕಾಂಚನಾ, ಅಂದರು ಇವರು ಜ್ವರದಲ್ಲೇ, ಕೇಳಿಸಿತು, ಕೇಳಿಸಿಯೂ ಬಿಡಲಿಲ್ಲ, ಯಾರೂ ನನ್ನ ಹಿಂದೆ ಬರಲಾರದಂಥ ಸುಖ ಅದು, ಹೇಳಲು ನಾಚಿಕೆಯೇನಿಲ್ಲ.

ದೂರದಲ್ಲಿ ಹವಾಲ್ದಾರನ ಕೈ ಕಂಡಿತು, ಬದಿಗೆ ನಿಲ್ಲಿಸಿದೆ, ಈ ಕಡೆ ಸರಿ, ಹೆಂಗಸರಿಗೆ ಕೋರ್ಟು ಕಚೇರಿ ಬ್ಯಾಡ, ಅಂತ ಇವರು ನನ್ನ ಮೇಲೆ ಹಾದು ಡ್ರೈವರ್ ಸೀಟಿನಲ್ಲಿ ಕೂತರು, ಹವಾಲ್ದಾರ ನಡೆದು ಬರುವಷ್ಟರಲ್ಲಿ ಚಳಿಜ್ವರದ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿದ್ದರು. ನನ್ನನ್ನು ಉಳಿಸಲೆಂದೇ ಮಾಡಿದ್ದು, ಗೊತ್ತು, ಆದರೂ ಸಿಟ್ಟು ಬರುತ್ತದೆ, ನನ್ನ ಎಂಬತ್ತನ್ನು ಇವರು ತಮ್ಮ ಹೆಸರಿಗೆ ಬರೆಸಿಕೊಂಡರಲ್ಲ. ಮೊದಲೇ ಎರಡು ಸಲ ಸಿಕ್ಕಿಬಿದ್ದವರು, ಇದು ಮೂರನೆಯದು, ಸೋತರೆ ಲೈಸೆನ್ಸ್ ಅಮಾನತು, ಆಮೇಲೆ ಗಾಡಿ ಯಾರು ಹೊಡೀಬೇಕು, ರೊಟ್ಟಿ ಯಾರು ಮುಟ್ಟಿಸಬೇಕು ಅಂತ ರಾತ್ರಿಯೆಲ್ಲ ಹೊರಳಾಡುತ್ತಾರೆ, ಪಕ್ಕದಲ್ಲೇ ನಾನು ಮಲಗಿರುತ್ತೇನೆ. ವಕೀಲ ಪರಾಂಜಪೆಯವರದು ಒಂದೇ ಪಾಠ, ವಹಿನಿ, ಸಾಕ್ಷಿ ಕಟ್ಟೆಯಲ್ಲಿ ಚಾಳೀಸ್ ಅನ್ನಿ, ನಲವತ್ತು, ಬಸ್ — ಕಾಂಚನಾ ಕೈಲಾಸ, ಕೂಗಿದರು, ನನ್ನ ಹೆಸರೇ, ಎದ್ದೆ, ಸೆರಗು ಸರಿ ಮಾಡಿಕೊಂಡೆ, ಖರೆ ಹೇಳುತ್ತೇನೆ ಅಂತ ಆಣೆಯೂ ಆಯಿತು, ಗಾಡೀ ಕಿತನೀ ಸ್ಪೀಡ್ ಮೇ ಥೀ ಬಾಯಿ, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಅಂದರು ಜಡ್ಜ್ ಸಾಹೇಬರು, ಚಾಳೀಸ್ ಅನ್ನಲು ಬಾಯಿ ತೆರೆದೆ, ಕಣ್ಣೆದುರು ಎಂಬತ್ತರ ಮುಳ್ಳು, ಅಸ್ಸೀ, ಅಂದುಬಿಟ್ಟೆ, ಮೈ ಚಲಾ ರಹೀ ಥೀ ಸಾಬ್, ಹೊಡೆಯುತ್ತಿದ್ದವಳು ನಾನೇ. ಪರಾಂಜಪೆಯವರು ಹಣೆ ಹಿಡಿದುಕೊಂಡರು, ಹಿಂದಿನ ಬೆಂಚು ಗೊಳ್ಳೆಂದಿತು, ಗಂಡನನ್ನು ಉಳಿಸಲು ಹೆಂಡಂದಿರು ಇಲ್ಲಿ ಏನೆಲ್ಲ ಹೇಳುತ್ತಾರೆ ಅಂತ ಸಾಹೇಬರು ಮರಾಠಿಯಲ್ಲಿ ನಕ್ಕರು, ಅದಕ್ಕೂ ಬೇಜಾರಿಲ್ಲ, ಆದರೆ ಇವರು, ನನ್ನ ಗಂಡ, ಕೈಮುಗಿದು ನಿಂತು, ಇಸ್ಕೋ ಗಾಡೀ ನಹೀ ಆತೀ ಸಾಬ್, ಅಂದರು. ಇವಳಿಗೆ ಗಾಡಿ ಬರುವುದಿಲ್ಲವಂತೆ! ಪರ್ಸಿನಲ್ಲಿ ನನ್ನ ಲೈಸೆನ್ಸ್ ಇದೆ, ಚೈನು ಎಳೆದೆ, ಬೆರಳಿಗೆ ಪ್ಲಾಸ್ಟಿಕ್ ಕವರು ತಾಗಿತು, ಹೊರಗೆ ತೆಗೆದರೆ ನಾನು ಗೆದ್ದೆ, ಇವರು ತುಂಬಿದ ಕೋರ್ಟಿನಲ್ಲಿ ಸುಳ್ಳುಗಾರ, ಇವರ ಕಿವಿ ಕೆಂಪಗಾಗಿತ್ತು, ನನ್ನ ಕೈ ನೋಡುತ್ತಿದ್ದರು, ಚೈನು ಮುಚ್ಚಿದೆ. ಹೆಂಡತಿಯೇ ಅಸ್ಸೀ ಅಂದಮೇಲೆ ಇನ್ನೇನು, ಇವರ ಲೈಸೆನ್ಸ್ ಮೂರು ತಿಂಗಳು ಅಮಾನತು, ಅಂದರೆ ಈ ತೊಂಬತ್ತಾರನೇ ಇಸವಿಯ ದೀಪಾವಳಿಯವರೆಗೆ.

ಈಗ ಹೊರಗೆ ಬಿಸಿಲು, ಮರದ ಕೆಳಗೆ ವ್ಯಾನು, ಇವರು ರೂಢಿಯಂತೆ ಬಲಗಡೆಯ ಬಾಗಿಲಿಗೆ ಹೋಗಿ, ಹಿಡಿಕೆ ಮುಟ್ಟಿ, ನಿಂತರು, ಗೇಟಿನ ಹತ್ತಿರ ಅದೇ ಹವಾಲ್ದಾರ ತಂಬಾಕು ತಿಕ್ಕುತ್ತ ನಮ್ಮನ್ನೇ ನೋಡುತ್ತಿದ್ದಾನೆ, ಇವರು ಹೊಡೆಯುವ ಹಾಗಿಲ್ಲ, ಗಾಡಿ ಇಲ್ಲೇ ಬಿಡುವ ಹಾಗಿಲ್ಲ, ಸಂಜೆ ಮುಲುಂಡಿಗೆ ರೊಟ್ಟಿ ಹೋಗಲೇಬೇಕು. ಯಾಕ ಹಂಗ ಅಂದ್ರಿ, ಅಂತ ಕೇಳಬೇಕೆನ್ನುವಷ್ಟರಲ್ಲಿ ಇವರೇ ಸುತ್ತಿ ಈಚೆ ಬಂದರು, ಎಲ್ಲೋ ನೋಡುತ್ತ ನನ್ನ ಅಂಗೈಯಲ್ಲಿ ಕೀಲಿ ಇಟ್ಟರು, ಸಾವಕಾಶ, ಅಂದರು, ಅಷ್ಟೇ. ಬಲಗಡೆ ಹತ್ತಿ ಸೀಟು ಮುಂದಕ್ಕೆ ಎಳೆದುಕೊಂಡೆ, ಕೀಲಿ ತಿರುಗಿಸಿದೆ, ಹವಾಲ್ದಾರನ ತಂಬಾಕು ಅಂಗೈಯಲ್ಲೇ ಉಳಿಯಿತು, ಅವನೆದುರೇ ಗೇಟು ದಾಟಿದೆ, ಹತ್ತು, ಹದಿನೈದು, ಸಾವಕಾಶವಾಗಿಯೇ ಹೋಗುತ್ತಿದ್ದೇನೆ, ಇಪ್ಪತ್ತು, ಮೂರು ತಿಂಗಳಿದೆ, ಅವಸರವೇನಿಲ್ಲ, ಎಂಬತ್ತು ಎಲ್ಲಿದೆ ಅಂತ ನನಗೆ ಗೊತ್ತು, ಅಲ್ಲಿ ಆ ಮುಳ್ಳು, ಕೆಂಪು ಮುಳ್ಳು, ನಡುಗುತ್ತ —