ಹಿಂಬಾಗಿಲ ಗಾಲಿ

ಕೊನೆಯ ನಟ್ಟು ಬಿಚ್ಚುತ್ತಲೇ ವೀರೇಶ್ ಗಾಲಿಯನ್ನು ಎದೆಗವಚಿಕೊಂಡು ಹಿಂದೆ ಸರಿದ. ಜೀಪಿನ ಹಿಂಬಾಗಿಲಿಗೆ ನೇತುಬಿದ್ದಿದ್ದ ಸ್ಟೆಪ್ನಿ ಅದು. ಅದು ಇರುವಷ್ಟು ಹೊತ್ತು ಆ ಇಕ್ಕಟ್ಟಿನ ಓಣಿಯಲ್ಲಿ ಬಾಗಿಲು ಎದುರುಮನೆಯ ಕಟ್ಟೆಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಸಂದಿಯಲ್ಲಿ ಸುವರ್ಣಮ್ಮನ ಹೆಣವನ್ನು ಒಳಗಿಡುವಂತಿರಲಿಲ್ಲ.

ಪಡಸಾಲೆಯಲ್ಲಿ ಅವಳಿಗೆ ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಆನಿಸಿ, ಹಣೆ ತುಂಬ ವಿಭೂತಿ ಬಳಿದು ಕೂರಿಸಿದ್ದರು. ಮಣ್ಣು ಮಾಡುವುದು ರಾರಾವಿಯ ಹೊಲದಲ್ಲಿ. ಗದ್ದೆಗೆ ನೀರು ಬಿಟ್ಟಿದ್ದರಿಂದ ಬಾಡಿಗೆ ವ್ಯಾನಿನವನು ಆ ಕೆಸರಿಗೆ ಇಳಿಸಲಾರೆನೆಂದು ಹೊರಟುಹೋಗಿದ್ದ. ಇನ್ನು ಹೋಗಬಲ್ಲದ್ದು ಗಂಡ ವಿರೂಪಾಕ್ಷಪ್ಪನ ಜೀಪು ಒಂದೇ.

"ಅವ್ವನ್ನ ಮುಂದ ಕುಂದರಸೂನು," ಅಂದಳು ಮಗಳು ಅಂಜನಾ.

ವಿರೂಪಾಕ್ಷಪ್ಪ ನಟ್ಟು ಬಿಚ್ಚುವ ಪಾನಾ ಒರೆಸುತ್ತಿದ್ದವನು ತಲೆ ಎತ್ತಿದ. "ಮುಂದ ಅಯ್ಯನಾರು ಕುಂದರತಾರವ್ವ."

ಮುಂದಿನ ಸೀಟು ಎಂದೂ ಖಾಲಿ ಇದ್ದದ್ದಿಲ್ಲ. ಮೊದಲು ಅವ್ವನ ಅತ್ತೆ, ಆಮೇಲೆ ಭತ್ತದ ದಲ್ಲಾಳಿಗಳು, ಯಾರೂ ಇಲ್ಲದ ದಿನ ಬೀಜದ ಚೀಲ. ಸುವರ್ಣಮ್ಮನದು ಹಿಂದಿನ ಅಡ್ಡ ಬೆಂಚು. ಅವ್ವ ಈ ಒಂದು ಸಲವಾದರೂ ದಾರಿ ನೋಡುತ್ತ ಹೋಗಲಿ. ಬೆಳಗಿನಿಂದ ಅಂಜನಾಳಿಗೆ ಅಳುವಿಗಿಂತ ಹೆಚ್ಚಾಗಿ ಇದ್ದದ್ದು ಇದೊಂದು ಹಟ.

*

ಅಂಜನಾ ಸಣ್ಣವಳಿದ್ದಾಗ ಹಿಂಬಾಗಿಲ ಗಾಜಿಗೆ ಅಡ್ಡ ಏನೂ ಇರಲಿಲ್ಲ. ಅವ್ವ ಗಾಜಿಗೆ ಮುಖ ಹಚ್ಚಿ, ದೂರ ಸರಿಯುವ ಬೇವಿನ ಮರಕ್ಕೆ, ಎಮ್ಮೆಗಳಿಗೆ, ಕುರುಗೋಡಿನ ಗುಡ್ಡಕ್ಕೆ ಹೋಗಿಬರುತ್ತೇನೆಂದು ಹೇಳುತ್ತಿದ್ದಳು. ಆಮೇಲೆ ಅಪ್ಪ ಊರ ಮುಂದೆ ರುಬಾಬು ತೋರಿಸಲೆಂದು ಜೀಪಿಗೆ ದಪ್ಪ ಗಾಲಿ ಹಾಕಿಸಿದ. ಸ್ಟೆಪ್ನಿ ಬಂಪರಿಗೆ ತಾಗುತ್ತದೆಂದು ಸ್ಟ್ಯಾಂಡನ್ನು ಮೇಲಕ್ಕೆ ವೆಲ್ಡ್ ಮಾಡಿಸಿದ. ಗಾಜಿನ ಜಾಗದಲ್ಲಿ ಕರಿಯ ರಬ್ಬರು ಬಂದು ಕೂತಿತು. ಭಾರಕ್ಕೆ ಬಾಗಿಲು ಜೋತು, ಹೊರಗಿನಿಂದ ಎತ್ತಿ ಎಳೆದರಷ್ಟೇ ತೆರೆಯತೊಡಗಿತು.

ಆ ವಾರವೇ ಕುರುಗೋಡಿನಲ್ಲಿ ಅಪ್ಪ ಬೀಜದ ಅಂಗಡಿಗೆ ಇಳಿದವನು ಮಾತಿನಲ್ಲಿ ಹಿಂದೆ ಕೂತ ಇವರಿಬ್ಬರನ್ನು ಮರೆತ. ಮಗಳಿಗೆ ಒಂದಕ್ಕೆ ಅವಸರವಾಯಿತು. ಕೂಗಬೇ ಅಂದರೆ ಅವ್ವ, ಅಂಗಡಿ ಮುಂದೆ ಗಂಡಸರಿದ್ದಾರೆ ಅಂದಳು. ಬುತ್ತಿಯ ರೊಟ್ಟಿಗಳನ್ನು ಸೆರಗಿಗೆ ಸುರುವಿಕೊಂಡು ಖಾಲಿ ಡಬ್ಬಿಯನ್ನು ಮಗಳ ಕೆಳಗೆ ಹಿಡಿದಳು. ಮೀನಿನ ಹೊಟ್ಟೆಯಲ್ಲಿ ಸಿಕ್ಕ ರಾಜನ ಮಗಳ ಕತೆ ತೆಗೆದಳು. ಆ ಮೀನಿಗೆ ಒಳಗಡೆ ಚಿಲಕವಿರಲಿಲ್ಲವಂತೆ.

ಅಪ್ಪ ಬಂದು ಬಾಗಿಲೆತ್ತಿ, ಏನು ವಾಸನೆ ಎಂದು ಮೂಗು ಮುಚ್ಚಿಕೊಂಡ.

"ಮಜ್ಜಿಗಿ ಚೆಲ್ಲೇತ್ರಿ," ಅಂದಳು ಅವ್ವ.

*

ಸಂಸ್ಕಾರ ಮಾಡಿಸಲು ಬಂದ ಹಿರಿಯ ಅಯ್ಯನವರು ಮಲ್ಲಯ್ಯ ಆಗಲೇ ಮುಂದೆ ಹತ್ತಿ ಕೂತಿದ್ದರು. ಅಂಜನಾ ಹೋಗಿ ಮೆಲ್ಲಗೆ ಕೇಳಿದಳು. ಅವರು ಜೋಳಿಗೆ ಎತ್ತಿಕೊಂಡು ಇಳಿದೇಬಿಟ್ಟರು. "ನಾ ಯಾರದರ ಗಾಡಿ ಹಿಂದ ಕುಂತು ಬರತೀನಿ. ತಾಯಿ ಮುಂದ ಬರಲಿ."

ವಿರೂಪಾಕ್ಷಪ್ಪ ಅಯ್ಯನವರ ಮಾತು ಮೀರಲಿಲ್ಲ. ವೀರೇಶ್, ಅವನ ಸೋದರಳಿಯ, ಇನ್ನಿಬ್ಬರ ಜೊತೆ ಹೆಣವನ್ನು ಎತ್ತಿ ತಂದ. ಆದರೆ ಮಡಚಿ ಬಿಗಿದ ಮೊಣಕಾಲುಗಳು ಮುಂದಿನ ಬಾಗಿಲ ಚೌಕಟ್ಟಿಗೆ ತಡೆದವು. ಓರೆ ಮಾಡಿದರೆ ಗೇರಿಗೆ ತಾಗಿದವು.

ಕಾಲು ಚಾಚಿಸಿದರೆ ಹಿಡಿಯುತ್ತಿತ್ತು ಎಂದು ಯಾರೋ ಅಂದರು. ಶಿವಯೋಗದಲ್ಲಿ ಕೂತವಳು, ಬಿಚ್ಚಬಾರದು ಎಂದು ಮತ್ತೊಬ್ಬರು.

"ಬದುಕಿದ್ದಾಗರ ಎಲ್ಲಿ ಕಾಲ ಚಾಚಿದ್ಳು ಬಿಡ," ಅಂದಳು ಎದುರುಮನೆಯವಳು, ಸೆರಗಿನೊಳಗಿಂದ.

ಅಯ್ಯನವರು ಮತ್ತೆ ಮುಂದೆ ಹತ್ತಿದರು; ಸುವರ್ಣಮ್ಮನನ್ನು ಹಿಂದಕ್ಕೇ ಒಯ್ದರು. ಬೆಂಚುಗಳ ನಡುವೆ ಹಲಗೆಯ ಮೇಲೆ, ಹಿಂಬಾಗಿಲಿಗೆ ಮುಖ ಮಾಡಿ ಇಟ್ಟರು. ಅಂಜನಾ ಒಳಗೆ ಹತ್ತಿ ಅವ್ವನ ಭುಜ ಹಿಡಿದು, ಬಾಗಿಲಿಗೆ ತೋಳು ತಾಗಿಸಿ ಕೂತಳು.

"ಅಪ್ಪಾ, ಗಾಲಿ ಇಲ್ಲೇ ಬಿಡು. ಗಾಜ ಹಂಗಾ ಇರಲಿ."

"ಸಿರುಗುಪ್ಪ ದಾರ್ಯಾಗ ಪಂಚರ್ ಆದ್ರ? ಹೆಣ ಇಟಗೊಂಡು ನಿಂದರಲೇನು?"

"ಮ್ಯಾಲೆ ಕಟ್ಟು."

"ಮ್ಯಾಲಿನ ಹೊದಿಕಿ ಬಟ್ಟೀದು. ಹರೀತೈತಿ."

ಅವನು ಹೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ. ಅವನು ಯಾವತ್ತೂ ಹೇಳಿದ್ದರಲ್ಲಿ ಯಾವುದೂ ಸುಳ್ಳಿರುತ್ತಿರಲಿಲ್ಲ. ಬಾಗಿಲು ಎತ್ತಿ ಮುಚ್ಚಿದ. ಗಾಲಿ ಬಿಗಿಯಲು ಜಾಗ ಬೇಕೆಂದು ಜೀಪನ್ನು ಒಂದಿಷ್ಟು ಮುಂದೆ ಬಿಟ್ಟು ಇಳಿದು ಬಂದ.

ಗಾಜಿನಲ್ಲಿ ಓಣಿ ಕಂಡಿತು: ಹೆಂಗಸರು, ಉದುರಿದ ಚೆಂಡುಹೂವು, ಖಾಲಿಯಾದ ಮನೆಬಾಗಿಲು. ವೀರೇಶ್ ಗಾಲಿಯನ್ನು ತೊಡೆಯ ಮೇಲೆ ತಂದು ಎತ್ತಿದ. ಕೆಳಗಿನಿಂದ ಕಪ್ಪು ಏರುತ್ತ ಹೂವನ್ನು ನುಂಗಿತು, ಹೆಂಗಸರನ್ನು ನುಂಗಿತು. ಒಳಗೆಲ್ಲ ರಬ್ಬರಿನ ವಾಸನೆ. ಗಾಲಿಯ ನಡುವಿನ ತೂತಿನಿಂದಷ್ಟೇ ಒಂದು ಬಿಸಿಲಕೋಲು ಒಳಗೆ ಬಂದು ಅವ್ವನ ಹಣೆಯ ವಿಭೂತಿಯ ಮೇಲೆ ನಿಂತಿತು.

"ಬೋಲ್ಟಿಗೆ ಕುಂತೈತೇನ್ ನೋಡು ಮಾವ," ವೀರೇಶ್ ಅಂದದ್ದು ಕೇಳಿಸಿತು.

ಬಿಸಿಲು ಆರಿತು. ತೂತಿನಲ್ಲಿ ವಿರೂಪಾಕ್ಷಪ್ಪನ ಕಣ್ಣು ಬಂದಿತ್ತು. ಬೋಲ್ಟು ಹುಡುಕಲು ಬಂದ ಕಣ್ಣು ಆಚೀಚೆ ಆಡಿ, ಒಳಗಿನ ಕತ್ತಲೆಗೆ ಒಗ್ಗಿಕೊಂಡು, ತನಗೆದುರಾಗಿ ಕೂತ ಹೆಂಡತಿಯ ಮುಖದ ಮೇಲೆ ನಿಂತಿತು.

"ಲಗೂನ ಹೇಳು ಮಾವ. ಕೈ ಸೋತ್ವು."

ಗಾಲಿಯ ಭಾರಕ್ಕೆ ವೀರೇಶನ ತೋಳುಗಳು ನಡುಗುವುದು ಬಾಗಿಲ ತಗಡಿನ ಮೂಲಕ ಅಂಜನಾಳ ತೋಳಿಗೆ ತಾಕುತ್ತಿತ್ತು. ಕಣ್ಣು ಮಾತ್ರ ತೂತು ಬಿಟ್ಟು ಕದಲಲಿಲ್ಲ.