ಏಳನೇ ಮಂಚದ ಊಟ

ಬೀಳುತ್ತಿಲ್ಲ ಅದು, ಬೆಳಿಗ್ಗೆ ಆರರಿಂದ ಅಲ್ಲೇ ನೇತಾಡುತ್ತಿದೆ, ಚೀಲದ ಕೆಳಗಿನ ಪ್ಲಾಸ್ಟಿಕ್ ಬುರುಡೆಯೊಳಗೆ ಒಂದು ಹನಿ, ಹಾಲೂ ಅಲ್ಲದ ಗಂಜಿಯೂ ಅಲ್ಲದ ಮಾಸಲು ಹನಿ, ಏಳನೇ ಮಂಚದವನ ಊಟ — ಐಸಿಯುವಿನ ನರ್ಸು, ಡ್ಯೂಟಿಗೆ ಬಂದವಳೇ ಮೂಗಿನ ನಳಿಕೆಯ ಚಕ್ರ ತಿರುಗಿಸಿ ನಿಲ್ಲಿಸಿದ್ದು ಇವಳೇ, ನಿಲ್ಲಿಸಿ ಅಂತ ಫೈಲಿನಲ್ಲಿ ಬರೆದಿತ್ತು, ನಿನ್ನೆಯೂ ಬರೆದಿತ್ತು, ಮೊನ್ನೆಯೂ, ಅದರ ಹಿಂದಿನ ದಿನವೂ, ಅದೇ ಅಕ್ಷರ ಅದೇ ಸೊಟ್ಟ ಸಹಿ, ಆರರಿಂದ ಹೊಟ್ಟೆ ಖಾಲಿ ಇರಲಿ, ಹತ್ತಕ್ಕೆ ಆಪರೇಷನ್. ಕೊರಳಿಗೊಂದು ತೂತು, ಅಷ್ಟೇ, ಉಸಿರಿಗೆಂದು ಬಾಯಿಗೆ ಹಾಕಿದ ಕೊಳವೆ ತೆಗೆದು ಕೊರಳಲ್ಲಿ ಇಡುವುದು, ಇಪ್ಪತ್ತು ನಿಮಿಷದ ಕೆಲಸ, ಆ ಇಪ್ಪತ್ತು ನಿಮಿಷ ಚಾಕು ಸಾಹೇಬರಿಗೆ ನಾಲ್ಕು ದಿನದಿಂದ ಸಿಕ್ಕಿಲ್ಲ, ಚಾಕು ಸಾಹೇಬ ಎಂದು ಹೆಸರಿಟ್ಟವಳೂ ಇವಳೇ, ಹೆಸರು ಇಡೀ ವಾರ್ಡಿಗೆ ಹಬ್ಬಿ ಈಗ ಕಸ ಗುಡಿಸುವ ಅಜ್ಜಿಯೂ ಹಾಗೇ ಕರೆಯುತ್ತಾಳೆ. ಮೊದಲ ದಿನ ಬೇರೆ ತುರ್ತು ಕೇಸು, ಎರಡನೇ ದಿನ ಥಿಯೇಟರಿನ ಎಸಿ ಕೆಟ್ಟಿತ್ತು, ನಿನ್ನೆ ಸಾಹೇಬರಿಗೆ ಮೀಟಿಂಗು, ದಿನಾ ಸಂಜೆ ಆರಕ್ಕೆ ಫೋನು, ಇವತ್ತು ಬೇಡ ಸಿಸ್ಟರ್ ನಾಳೆ ನೋಡೋಣ, ರದ್ದಾ ಸಾರ್, ಛೆ ರದ್ದಲ್ಲ ಮುಂದಕ್ಕೆ ಹಾಕಿದೀವಿ — ಅಳಿಯ ಅಲ್ಲ, ಮಗಳ ಗಂಡ.

ಇವನ ಈ ಕೈ ನೋಡಲಿ ಸಾಹೇಬರು, ಒಮ್ಮೆ ಬಂದು ನೋಡಲಿ, ಬಂದ ದಿನ ಮಣಿಕಟ್ಟಿಗೆ ಕಟ್ಟಿದ ಹೆಸರಿನ ಪಟ್ಟಿ, ಆವತ್ತು ಬೆರಳು ತೂರದಷ್ಟು ಬಿಗಿಯಿತ್ತು, ಈಗ ಕೈ ಎತ್ತಿದರೆ ಸರ್ರನೆ ಮೊಣಕೈಗೆ ಜಾರುತ್ತದೆ, ಹದಿನಾರು ದಿನ. ಲಿಫ್ಟು ರಿಪೇರಿ ಮಾಡುತ್ತಿದ್ದ ಕೈಯಂತೆ, ಹಗ್ಗ ಹಿಡಿದು ಹತ್ತು ಮಾಳಿಗೆ ಇಳಿಯುತ್ತಿದ್ದ ಕೈ, ಹೆಂಡತಿ ಹೇಳಿದ್ದು — ಆಮೇಲೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು ಕೇಳುತ್ತಾರೆ, ಇವನ್ಯಾಕೆ ಸ್ವಂತ ಉಸಿರು ಎಳೀತಿಲ್ಲ, ಸ್ನಾಯು ಎಲ್ಲಾ ಹೋಯ್ತಲ್ಲ, ಯಾಕೆ? ಯಾಕೆ ಅಂತೆ! ಪಥ್ಯದ ಅಕ್ಕ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಗಂಟೆಗೆ ಎಂಬತ್ತು ಎಂಎಲ್ ಎಂದು ಕೆಂಪಿನಲ್ಲಿ ಬರೆದು ಹೋಗಿದ್ದಾಳೆ, ಆ ಎಂಬತ್ತನ್ನು ಈ ಮನುಷ್ಯ ನಾಲ್ಕು ದಿನದಿಂದ ಕಣ್ಣಾರೆ ಕಂಡಿಲ್ಲ, ದೇವರು ಕೊಟ್ಟರೂ ಪೂಜಾರಿ ಕೊಡ. ಸಂಜೆ ಇಪ್ಪತ್ತರಿಂದ ಶುರು ಮಾಡಬೇಕು, ಖಾಲಿ ಹೊಟ್ಟೆಗೆ ಒಮ್ಮೆಲೇ ಸುರಿಯಬಾರದು, ನಾಲ್ಕು ಗಂಟೆಗೊಮ್ಮೆ ಏರಿಸಬೇಕು, ಇಪ್ಪತ್ತು, ನಲವತ್ತು, ಅರವತ್ತು, ಇನ್ನೇನು ಎಂಬತ್ತು ಅನ್ನುವಾಗ ಬೆಳಗಾಗುತ್ತದೆ, ನಿಲ್ಲಿಸಿ, ಹಾವು ಏಣಿ ಆಟದಲ್ಲಿ ತೊಂಬತ್ತೊಂಬತ್ತರ ಹಾವು ಕಚ್ಚಿದ ಹಾಗೆ ಮತ್ತೆ ಕೆಳಕ್ಕೆ. ಉಸಿರಿನ ಯಂತ್ರವನ್ನು ಮಾತ್ರ ದಿನಕ್ಕೆ ಎರಡು ಸಲ ಒರೆಸಿ ಫಳಫಳ ಇಟ್ಟಿದ್ದಾರೆ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಹನ್ನೊಂದಾಯಿತು, ಒಳಗೆ ಬಿಡುವ ಹೊತ್ತು, ಹೆಂಡತಿ ಹಸಿರು ಅಂಗಿ ಹಿಂದುಮುಂದಾಗಿ ತೊಟ್ಟು ಬಂದು ನಿಂತಳು, ಗಂಡನ ಪಾದ ಮುಟ್ಟಿ, ಯಾಕಿಷ್ಟು ತಣ್ಣಗಿದೆ, ಊಟ ಹೋಯ್ತಾ ಸಿಸ್ಟರ್ ಇವರಿಗೆ? ನಾಲ್ಕು ದಿನದಿಂದ ಇದೇ ಪ್ರಶ್ನೆ, ನಾಲ್ಕು ದಿನದಿಂದ ಇವಳದು ಒಂದೇ ಉತ್ತರ, ಹೋಗ್ತಿದೆ ಅಮ್ಮ, ಹೋಗ್ತಿದೆ — ಇವತ್ತು ಆ ಹೆಂಗಸು ತಲೆಯೆತ್ತಿ ಚೀಲ ನೋಡಿದಳು, ಹನಿ ನೋಡಿದಳು, ಅದು ಅಲ್ಲಾಡ್ತಾನೇ ಇಲ್ವಲ್ಲ ಅಂದಳು, ಜೋರಾಗೇನೂ ಅಲ್ಲ, ಇವರಿಗೆ ಹಸಿವು ತಡೆಯೋಕಾಗಲ್ಲ ಸಿಸ್ಟರ್, ಒಂದು ಗಂಟೆ ದಾಟಿದ್ರೆ ಮನುಷ್ಯರಾಗಿರ್ತಿರ್ಲಿಲ್ಲ, ಲಿಫ್ಟ್ ಒಳಗಿಂದಾನೇ ಫೋನ್ ಮಾಡೋರು, ಏನೇ ಮಾಡಿದೀಯ ಇವತ್ತು ಅಂತ. ಹೇಳಿ ನಕ್ಕಳು ಬೇರೆ. ಆ ನಗು ಕಪಾಳಕ್ಕೆ ಬಿದ್ದಂತಾಗಿ ಇವಳು ಥಿಯೇಟರಿಗೆ ಫೋನು ತಿರುಗಿಸಿದಳು, ಆ ಕಡೆ ಯಾರೋ ಏನನ್ನೋ ಅಗಿಯುತ್ತ ಮಾತಾಡಿದರು, ಅಗಿಯುತ್ತ, ಏಳನೇ ಮಂಚಾನಾ, ಇವತ್ತೂ ಆಗೋ ಹಾಗೆ ಕಾಣಲ್ಲ ಸಿಸ್ಟರ್, ಆದ್ರೂ ರೆಡಿ ಇಟ್ಟಿರಿ, ಹಾಗಾದ್ರೆ ಊಟ ಶುರು ಮಾಡ್ಲಾ, ಅಯ್ಯೋ ನಾನು ಹೇಗೆ ಹೇಳ್ಲಿ, ನಿಮ್ಮ ಡಾಕ್ಟರ್‌ನ ಕೇಳಿ. ಡ್ಯೂಟಿ ಡಾಕ್ಟರನ್ನು ಕೇಳಿದರೆ, ಥಿಯೇಟರಿನವರು ಹೇಳಿದ ಹಾಗೆ ಮಾಡಿ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ, ಇಲಿಯ ಬಾಯಿಗೆ ಕೊಳವೆ ತುರುಕಿದೆ, ಕೀಚ್ ಅನ್ನುವಂತೆಯೂ ಇಲ್ಲ.

ರೆಡಿ ಇಟ್ಟಿರಿ — ಅಮ್ಮನೂ ಹಾಗೇ ಇಡುತ್ತಿದ್ದಳು, ತಟ್ಟೆಯ ಮೇಲೆ ತಟ್ಟೆ ಮುಚ್ಚಿ, ಅಪ್ಪ ಬರುವವರೆಗೆ ಯಾರೂ ಮುಟ್ಟಬಾರದು, ಗಂಡಸು ಉಣ್ಣದೆ ಮನೆಯಲ್ಲಿ ಉಣ್ಣುವುದುಂಟೇ, ಕಾವಲಿಗೆ ಇವಳು, ದೊಡ್ಡವಳಲ್ಲವೇ, ತಟ್ಟೆಯ ಎದುರು ಮಂಡಿ ಮಡಚಿ ಕೂತು, ಪಕ್ಕದಲ್ಲಿ ತಂಗಿ ಹೊಟ್ಟೆ ಹಿಡಿದುಕೊಂಡು. ಎರಡು ಗಂಟೆ, ಮೂರು ಗಂಟೆ, ಅಪ್ಪ ಬರುತ್ತಿದ್ದ, ಚಪ್ಪಲಿ ಬಿಡುತ್ತಲೇ, ನಂದು ಹೊರಗೇ ಆಯ್ತು, ಅಷ್ಟೇ, ಆ ಮೂರು ಮಾತಿಗೆ ಮೂರು ಹೊಟ್ಟೆ ಕಾದಿರುತ್ತಿದ್ದವು. ಒಂದು ದಿನ ತಂಗಿ ಮೇಲಿನ ತಟ್ಟೆ ಎತ್ತಿದಳು, ಬೇಡ ಕಣೆ ಅನ್ನಬಹುದಿತ್ತು ಇವಳು, ಅನ್ನಲಿಲ್ಲ, ಇವಳಿಗೂ ಹಸಿವು, ಎತ್ತಿದ ತಟ್ಟೆಯ ಒಳಮೈ ತುಂಬ ಹಬೆ ಕೂತು ಹನಿಯಾಗಿತ್ತು, ತಂಗಿ ಒಂದು ತುತ್ತು ಬಾಯಿಗಿಟ್ಟಿದ್ದಳು ಅಷ್ಟೇ, ಮೆಟ್ಟಿಲಲ್ಲಿ ಚಪ್ಪಲಿ ಸದ್ದು, ಎಂದೂ ಇಲ್ಲದ್ದು ಅಪ್ಪ ಅಂದು ಒಂದಕ್ಕೇ ಬಂದಿದ್ದ, ಹಸಿದುಕೊಂಡು ಬಂದಿದ್ದ. ಯಾರೇ ತೆಗೆದಿದ್ದು, ಅಮ್ಮ ಕೇಳಿದಳು. ತಂಗಿಯ ಕಡೆ ಬೆರಳು ತೋರಿಸಿದ್ದು ಇವಳೇ. ಅಮ್ಮ ಹೊಡೆದ ಹೊಡೆತಕ್ಕೆ ತುತ್ತು ಹೊರಗೆ ಬಿತ್ತು, ತಂಗಿ ಅಳಲೂ ಇಲ್ಲ, ಅಕ್ಕನ ಮುಖವನ್ನೇ ನೋಡುತ್ತಿದ್ದಳು, ಎತ್ತಿಟ್ಟ ತಟ್ಟೆಯ ಅಂಚಿನಲ್ಲಿ ಒಂದು ಹನಿ ನೇತಾಡುತ್ತಿತ್ತು, ಅದನ್ನೇ ನೋಡುತ್ತ ನಿಂತಿದ್ದಳು ಇವಳು.

ಸಾಕು, ಸುಡುಗಾಡು, ಎಷ್ಟು ದಿನ ಅಂತ ಕಾವಲು ಕೂರುವುದು, ಹನ್ನೆರಡಕ್ಕೆ ಹಳೆಯ ಚೀಲ ಕಿತ್ತು ಬುಟ್ಟಿಗೆ ಹಾಕಿದಳು, ಹೊಸದು ಕುಲುಕಿ ಕೊಕ್ಕೆಗೆ ತೂಗುಹಾಕಿದಳು, ಸಿರಿಂಜಿನಲ್ಲಿ ಎಳೆದು ನೋಡಿದರೆ ಹೊಟ್ಟೆಯಿಂದ ಬಂದದ್ದು ಒಂದಿಷ್ಟು ಹಸಿರು ನೀರು, ಬೇರೇನಿದೆ ಅಲ್ಲಿ, ತಲೆಯ ಕಡೆ ಮಂಚ ಎತ್ತರಿಸಿ ಚಕ್ರ ತಿರುಗಿಸಿದಳು. ಹನಿ ಉಬ್ಬಿತು, ಬಿತ್ತು. ಇನ್ನೊಂದು. ಆಹಾ, ಆ ಬೀಳುವಿಕೆ! ಯಾರ ಅಪ್ಪಣೆಯೂ ಇಲ್ಲ, ಫೈಲಿನಲ್ಲಿ ಸಹಿಯಿಲ್ಲ, ಕೆಲಸ ಹೋದರೆ ಹೋಗಲಿ, ಸಂಜೆ ಆರರ ಬದಲು ಹನ್ನೆರಡಕ್ಕೇ, ಆರು ಗಂಟೆ ಗಳಿಸಿದೆ ನಿನಗೆ ಮಾರಾಯ, ಉಣ್ಣು, ಏನೇ ಮಾಡಿದೀಯ ಅಂತ ಕೇಳಬೇಡ, ಇದ್ದದ್ದು ಉಣ್ಣು — ಅವನ ರೆಪ್ಪೆ ಅಲುಗಿತೋ, ಅಥವಾ ಇವಳಿಗೆ ಹಾಗನ್ನಿಸಿತೋ, ಗಾಜಿನಾಚೆ ಹೆಂಡತಿ ಚೀಲದತ್ತ ಬೆರಳು ಮಾಡಿ ಪಕ್ಕದವರಿಗೆ ತೋರಿಸುತ್ತಿದ್ದಾಳೆ, ನೋಡಿ, ಹೋಗ್ತಿದೆ. ಹನ್ನೆರಡೂ ಇಪ್ಪತ್ತು.

ಫೋನು. ಹಿರಿಯ ಸಿಸ್ಟರ್ ಎತ್ತಿಕೊಂಡಳು, ಹೂಂ ಅಂದಳು, ಹೂಂ, ರಿಸೀವರಿಗೆ ಅಂಗೈ ಮುಚ್ಚಿ ಈ ಕಡೆ ತಿರುಗಿದಳು, ಏಳನೇ ಮಂಚ ಕಳಿಸ್ಬೇಕಂತೆ ಕಣೆ, ಸಾಹೇಬ್ರು ಕೈ ತೊಳ್ಕೊಂಡು ನಿಂತಿದಾರಂತೆ, ಹೊಟ್ಟೆ ಖಾಲಿ ಇದೆ ತಾನೆ ಅಂತ ಕೇಳ್ತಿದಾರೆ, ಏನು ಹೇಳ್ಲಿ? ಇವತ್ತೇ, ನಾಲ್ಕು ದಿನ ಬಿಟ್ಟು ಇವತ್ತೇ, ಹಾಳಾಗಿ ಹೋಗಲಿ ಇವರ ಮನೆ, ಖಾಲಿ ಅಂದರೆ ಒಯ್ಯುತ್ತಾರೆ, ಮಲಗಿಸುತ್ತಾರೆ, ಇಳಿದ ಊಟ ಮೇಲೇರಿ ಶ್ವಾಸಕೋಶಕ್ಕೆ ಹೋದರೆ ಸತ್ತೇ ಹೋಗುತ್ತಾನೆ, ಇಲ್ಲ ಅಂದರೆ ಮತ್ತೆ ನಾಳೆ, ನಾಳೆ ಅಂದರೆ ಅವರ ನಾಳೆ, ಕೊಳವೆ ಬಾಯಲ್ಲೇ, ಮತ್ತೆ ಆರಕ್ಕೆ ನಿಲ್ಲಿಸಿ — ಯಾರೇ ಶುರು ಮಾಡಿದ್ದು, ಹಿರಿಯ ಸಿಸ್ಟರ್ ಚೀಲ ನೋಡಿಬಿಟ್ಟಳು, ಯಾರೇ ತೆಗೆದಿದ್ದು, ಯಾರು, ಬೆರಳು ತೋರಿಸಲು ಇಲ್ಲಿ ತಂಗಿಯಿಲ್ಲ. ನಾನೇ ಅಕ್ಕ, ಅಂದಳು, ಇಲ್ಲ ಅನ್ನಿ, ಖಾಲಿ ಇಲ್ಲ ಅನ್ನಿ. ಹೆಬ್ಬೆರಳು ತಾನಾಗಿ ಚಕ್ರದ ಮೇಲೆ ಹೋಗಿ ಕೂತಿದೆ, ತಿರುಗಿಸಲೂ ಇಲ್ಲ ಬಿಡಲೂ ಇಲ್ಲ, ಗಾಜಿನಾಚೆ ಹೆಂಡತಿ ಇನ್ನೂ ಬೆರಳು ಮಾಡಿಕೊಂಡೇ ನಿಂತಿದ್ದಾಳೆ, ಬುರುಡೆಯ ತುದಿಯಲ್ಲಿ ಹನಿ, ಉಬ್ಬಿದೆ, ತಟ್ಟೆಯ ಅಂಚಿನ ಹನಿ, ಉಬ್ಬಿದೆ, ಬೀಳುತ್ತಿಲ್ಲ.