ಕಾಲು ತೋರಿಸುವವಳು

"ಏ ಕುಂಟಿ, ಏಳೇ ಮೇಲೆ. ನಿನ್ನ ಕಾಲು ನೋಡೋಕೆ ಮತ್ಯಾರೋ ಬಂದು ವಕ್ಕರಿಸಿದಾರೆ."

ಮೇಸ್ತ್ರಿ ಬಾಗಿಲಲ್ಲೇ ನಿಂತು ಕೂಗಿದ. ಕುಂಟಿ ತಲೆ ಎತ್ತಲಿಲ್ಲ. ಕುದಿನೀರಿನ ತೊಟ್ಟಿಯಲ್ಲಿ ಬೆರಳಾಡಿಸುತ್ತ ರೇಷ್ಮೆಗೂಡಿನ ಎಳೆ ಹುಡುಕುತ್ತಿದ್ದಳು. ಕಾಲು ನೆಟ್ಟಗಾಗಿ ವರ್ಷವಾದರೂ ಹೆಸರು ನೆಟ್ಟಗಾಗಿರಲಿಲ್ಲ.

ಇದೇ ಶೆಡ್ಡಿನಲ್ಲಿ ಒದ್ದೆ ಗೂಡಿನ ಗಾಡಿ ಜಾರಿಬಂದು ಅವಳ ಮೊಣಕಾಲ ಕೆಳಗಿನ ಮೂಳೆಯನ್ನು ಪುಡಿ ಮಾಡಿತ್ತು. ಕಾಲು ತೆಗೆಯಬೇಕು ಅಂದಿದ್ದರು. ಆಗ ಧಣಿಗೆ ಬೇಕಾದ ಡಾಕ್ಟರೊಬ್ಬರು ಇಲ್ಲಿನದೇ ರೇಷ್ಮೆಯನ್ನು ಕರಗಿಸಿ, ಸ್ಪಂಜಿನಂಥ ತುಂಡು ಮಾಡಿ, ಮೂಳೆ ಇಲ್ಲದ ಜಾಗದಲ್ಲಿಟ್ಟು ಹೊಲಿದರು. ಅದರ ಸಂದುಗೊಂದುಗಳಲ್ಲಿ ಮೂಳೆ ಬೆಳೆಯಿತು, ರೇಷ್ಮೆ ಮೆಲ್ಲಗೆ ಕರಗಿಹೋಯಿತು. ಎದ್ದು ನಡೆದ ದಿನ ಅವಳು ಡಾಕ್ಟರ ಕೈ ಹಿಡಿದು ಅತ್ತಿದ್ದಳು. ಅದು ಸುಳ್ಳಲ್ಲ. ಆದರೆ ಅಂದಿನಿಂದ ಆ ಕಾಲು ಅವಳದಾಗಿ ಉಳಿಯಲಿಲ್ಲ. ದೊಡ್ಡ ಮನುಷ್ಯರು, ಡಾಕ್ಟರಿಕೆ ಓದುವವರು, ಫೋಟೋದವರು, ಬಂದವರೆದುರೆಲ್ಲ ಬಟ್ಟೆ ಎತ್ತಿ ನಿಲ್ಲಬೇಕು. "ಪಾಪ, ಮನೇಲಿ ಜಾರಿ ಬಿದ್ದಿದ್ಲು" ಅಂತ ಧಣಿ ಹೇಳುವಾಗ ಹೂಂ ಅನ್ನಬೇಕು.

ಪಕ್ಕದ ತೊಟ್ಟಿಯಲ್ಲಿ ಅವಳ ನಾದಿನಿ. ಬಲಗೈ ಬಾತು, ಬೆರಳ ಸಂದಿಯಲ್ಲೆಲ್ಲ ಕೀವು ತುಂಬಿತ್ತು.

"ಅಣ್ಣಾ, ಇವತ್ತೊಂದಿನ ಬಿಡಿ. ಕೈ ತೋರಿಸ್ಕೊಂಡು ಬರ್ತೀನಿ," ಅಂದಳು ಮೇಸ್ತ್ರಿಗೆ.

"ಬಿದ್ದೋದ್ರೆ ಬೀಳ್ಲಿ ಬಿಡೇ. ಡಾಕ್ಟ್ರು ರೇಷ್ಮೇದೇ ಒಂದು ಕೂರಿಸ್ತಾರೆ," ಮೇಸ್ತ್ರಿ ನಕ್ಕ. "ಮುಚ್ಕೊಂಡು ನೀರಿಗೆ ಹಾಕು."

ನಾದಿನಿ ಕೈ ಮುಳುಗಿಸಿದಳು. ಹಲ್ಲು ಕಚ್ಚಿದ ಸದ್ದು ಕುಂಟಿಗೆ ಕೇಳಿಸಿತು. ಕೈಲಿದ್ದ ಎಳೆಯನ್ನು ನೀರಿಗೆ ಬಿಟ್ಟಳು. ಆಮೇಲೆ ಎದ್ದು, ನಾದಿನಿಯ ಮೊಣಕೈ ಹಿಡಿದು ಎಬ್ಬಿಸಿದಳು.

"ಎಲ್ಲಿಗೆ ಅತ್ತಿಗೆ?"

"ಬಾ ಸುಮ್ನೆ."

ಆಫೀಸು ತಂಪಾಗಿತ್ತು. ಮೆತ್ತನೆ ಕುರ್ಚಿಗಳಲ್ಲಿ ನಾಲ್ಕೈದು ಜನ ಅತಿಥಿಗಳು, ಅವರ ಪಕ್ಕ ಧಣಿ, ಡಾಕ್ಟರು. ಅವಳಿಗೆಂದು ಒಂದು ಕುರ್ಚಿ, ಕಾಲಿಡಲು ಬಿಳಿ ಬಟ್ಟೆ ಹಾಸಿದ ಸ್ಟೂಲು, ಎದುರಿಗೆ ಕ್ಯಾಮೆರಾ.

"ಬಾಮ್ಮ, ಬಾ. ಇವಳೇ ನೋಡಿ!" ಡಾಕ್ಟರ ಮುಖ ಅರಳಿತು.

ಕುಂಟಿ ನಾದಿನಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಕೈಯನ್ನು ಸ್ಟೂಲಿನ ಮೇಲಿಟ್ಟಳು. ಬಿಳಿ ಬಟ್ಟೆಗೆ ಕೀವು ಇಳಿಯಿತು.

"ಏನೇ ಇದು?" ಧಣಿ ಗದರಿದ.

"ಕೈ. ಮೊದಲು ಇದನ್ನ ನೋಡಲಿ. ಆಮೇಲೆ ಕಾಲು."

"ನಾನು ಮೂಳೆ ಡಾಕ್ಟರು ಕಣಮ್ಮ. ಇದು ನನ್ನ ಕೆಲಸ ಅಲ್ಲ."

"ಅದರೊಳಗೂ ಮೂಳೆನೇ ಸ್ವಾಮಿ ಇರೋದು."

ಮೂಗಿಗೆ ಕರ್ಚೀಫು ಹಿಡಿದಿದ್ದ ಅತಿಥಿ ಹೆಂಗಸು, ಮಾತು ತಿರುಗಿಸಲೆಂಬಂತೆ, "ಕಾಲು ಹೇಗೆ ಮುರೀತು?" ಎಂದು ಕೇಳಿದಳು.

"ಪಾಪ, ಮನೇಲಿ..." ಧಣಿ ಶುರುಮಾಡಿದ.

"ಇಲ್ಲೇ ಮುರೀತು. ಆ ಶೆಡ್ಡಲ್ಲಿ. ಗೂಡಿನ ಗಾಡಿ ಬಂದು ಬಡೀತು," ಅಂದಳು ಕುಂಟಿ. "ಹೂಂ ಅಂದೂ ಅಂದೂ ನನಗೂ ಸಾಕಾಯ್ತು."

ಧಣಿ ಅವಳ ಕಿವಿಯ ಹತ್ತಿರ ಬಂದು ಹಲ್ಲು ಕಡಿದ. "ಸೂಳೆಮುಂಡೆ, ನನ್ನ ರೇಷ್ಮೇಲಿ ಬೆಳೆದ ಮೂಳೆ ಅದು. ಎತ್ತೇ ಬಟ್ಟೆ."

"ನಿನ್ನ ಹೆಂಡ್ತಿದು ಎತ್ತಿ ತೋರ್ಸು."

ಕುಡಿಯಲು ನೀರು ಕೇಳಿದಷ್ಟೇ ಮೆಲ್ಲಗೆ ಅಂದಳು. ಆದರೂ ಎಲ್ಲರಿಗೂ ಕೇಳಿಸಿತು. ನಾದಿನಿಯನ್ನು ಎಬ್ಬಿಸಿಕೊಂಡು ಹೊರಗೆ ನಡೆದಳು.

ಡಾಕ್ಟರು ಅಂಗಳದವರೆಗೂ ಓಡಿಬಂದರು. "ನಿಲ್ಲಮ್ಮ! ಅವರು ಎಷ್ಟು ದೂರದಿಂದ ಬಂದಿದಾರೆ!" ಅವರ ಹಿಂದೆಯೇ ಜಗಲಿಗೆ ಬಂದ ಅತಿಥಿಗಳಲ್ಲಿ ಯಾರೋ, "ಅಬ್ಬಾ, ಒಂಚೂರೂ ಕುಂಟ್ತಿಲ್ಲ," ಅಂದರು. ಇನ್ನೊಬ್ಬರು ಫೋನು ಎತ್ತಿ ಹಿಡಿದರು.

ಶೆಡ್ಡಿನ ಬಾಗಿಲಿಗೆ ಹೆಂಗಸರು ಬಂದು ನಿಂತರು. ಎಲ್ಲರ ಕೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹೋಗಿ ಎಂದು ಮೇಸ್ತ್ರಿ ಬೈದರೂ ಹೋಗಲಿಲ್ಲ.

ಗೇಟಿಗೆ ಬೀಗ ಬಿದ್ದಿತ್ತು.

"ಬಿಡಬೇಡ ಅಂತ ಈಗಷ್ಟೇ ಧಣೀರ ಫೋನ್ ಬಂತು ಅಕ್ಕ," ಅಂದ ಕಾವಲುಗಾರ.

ಕುಂಟಿ ನಾದಿನಿಯ ಬಾತ ಕೈಯನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡಳು. ಬಟ್ಟೆ ದಾಟಿ ಬಿಸಿ ತಾಗಿತು.

"ತೆಗಿಯಪ್ಪ."

ಬೀಗದ ಕೈ ಕಾವಲುಗಾರನ ಮುಷ್ಟಿಯಲ್ಲಿತ್ತು. ಅವನು ಅವಳ ತಲೆಯ ಮೇಲಿಂದ, ಧಣಿ ಬಂದು ನಿಂತಿದ್ದ ಜಗಲಿಯ ಕಡೆಗೇ ನೋಡುತ್ತಿದ್ದ.